ಕ್ಯಾನ್ಸರ್ ವಾರ್ಡಿನ ಶುಶ್ರೂಷೆ: ರೋಗಿಯ ಹಕ್ಕು, ದೂರಿನ ದಾರಿ

ಕ್ಯಾನ್ಸರ್ ರೋಗಿಗೆ ವೈದ್ಯರು ಸಿಗುವುದು ರೌಂಡ್ಸ್ ಹೊತ್ತಿನಲ್ಲಿ. ಉಳಿದ ಹಗಲು ರಾತ್ರಿಯೆಲ್ಲ ಆರೈಕೆ ಸಿಸ್ಟರ್‌ಗಳದ್ದೇ. ಕಿಮೊ ಡ್ರಿಪ್ ಹಾಕಿ ನೋಡಿಕೊಳ್ಳುವುದು, ಜ್ವರ ಏರಿದ ಕೂಡಲೇ ವೈದ್ಯರಿಗೆ ತಿಳಿಸುವುದು, ನೋವು ಎಷ್ಟಿದೆಯೆಂದು ಕೇಳಿ ಬರೆದಿಡುವುದು, ಎದ್ದೇಳಲಾರದವರ ಮಗ್ಗುಲು ಬದಲಿಸಿ ಹಾಸಿಗೆ ಹುಣ್ಣು ತಡೆಯುವುದು ಎಲ್ಲವೂ ಶುಶ್ರೂಷೆಯೇ. ಆಸ್ಪತ್ರೆಯ ಬಗ್ಗೆ ರೋಗಿಗೆ ಸಮಾಧಾನವೋ ಬೇಸರವೋ ಹೆಚ್ಚಾಗಿ ಹುಟ್ಟುವುದು ಇಲ್ಲೇ. ಆದರೆ ಸಮಾಧಾನವನ್ನು ಅಳೆಯುವ ಕೋಲು ಕಾನೂನಿನಲ್ಲಿಲ್ಲ. ಗ್ರಾಹಕ ಆಯೋಗ ಕೇಳುವುದು ಸೇವೆಯಲ್ಲಿ ನ್ಯೂನತೆ ಆಯಿತೇ, ಅದಕ್ಕೆ ದಾಖಲೆ ಇದೆಯೇ ಎಂದಷ್ಟೇ.

ಕರೆದಾಗ ತಡವಾಗಿ ಬಂದರು, ಸಿಡುಕಿದರು ಎಂಬಂಥ ದೂರು ನರ್ಸಿಂಗ್ ಸೂಪರಿಂಟೆಂಡೆಂಟ್ ಬಳಿ ಹೋಗಬೇಕು. ಆಸ್ಪತ್ರೆಯ ಅಭಿಪ್ರಾಯ ನಮೂನೆಯಲ್ಲೂ ಬರೆಯಬಹುದು. ಇಂಥ ಎಷ್ಟೋ ದೂರುಗಳ ಹಿಂದೆ ಇರುವುದು ಸಿಬ್ಬಂದಿ ಕೊರತೆ. ಅದರ ಹೊಣೆ ಆಡಳಿತದ್ದು, ಎರಡು ಪಾಳಿ ದುಡಿದ ನರ್ಸ್‌ದಲ್ಲ. ತಪ್ಪು ಔಷಧಿ ಅಥವಾ ತಪ್ಪು ಪ್ರಮಾಣ ಕೊಟ್ಟರೆ ಮಾತು ಬೇರೆ. ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟಿನ್‌ನಂಥ ಕಿಮೊ ಔಷಧಿಗಳು ರಕ್ತನಾಳದಿಂದ ಹೊರಕ್ಕೆ ಸೋರಿದರೆ ಸುತ್ತಲ ಮಾಂಸಖಂಡವೇ ಕೊಳೆಯಬಹುದು. ಎಚ್ಚರಿಕೆಯಿಂದ ಕೊಟ್ಟಾಗಲೂ ಒಮ್ಮೊಮ್ಮೆ ಹೀಗಾಗುತ್ತದೆ, ಸೋರಿದ ಮಾತ್ರಕ್ಕೆ ನಿರ್ಲಕ್ಷ್ಯ ಎನ್ನಲಾಗದು. ಕೈ ಉರಿಯುತ್ತಿದೆ ಎಂದು ರೋಗಿ ಹೇಳಿದ ಮೇಲೂ ಡ್ರಿಪ್ ನಿಲ್ಲಿಸದೆ ಬಿಟ್ಟರೆ ಅದು ನ್ಯೂನತೆ.

ನರ್ಸ್ ತಪ್ಪಿಗೆ ಆಸ್ಪತ್ರೆ ಹೊಣೆಯಲ್ಲ ಎಂಬ ವಾದ ಹಿಂದೆಯೇ ಬಿದ್ದುಹೋಗಿದೆ. ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆ ಪ್ರಕರಣದಲ್ಲಿ ಅರ್ಹತೆಯಿಲ್ಲದ ನರ್ಸ್ ಕೊಟ್ಟ ತಪ್ಪು ಇಂಜೆಕ್ಷನ್‌ನಿಂದ ಮಗುವಿನ ಮಿದುಳಿಗೆ ಹಾನಿಯಾಗಿತ್ತು. 1998ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರದ ಆದೇಶವನ್ನು ಎತ್ತಿಹಿಡಿದು, ರೋಗಿಯ ಜತೆಗೆ ತಂದೆತಾಯಿಯೂ ಗ್ರಾಹಕರೇ ಎಂದಿತು. ಮನೆಯವರೇ ಓಡಾಡಿ ಹಣ ಹೊಂದಿಸುವ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಈ ಮಾತಿಗೆ ತೂಕ ಹೆಚ್ಚು.

ಕರ್ನಾಟಕದ ಖಾಸಗಿ ಆಸ್ಪತ್ರೆಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮಕ್ಕೆ ಒಳಪಟ್ಟಿವೆ. 2017ರ ತಿದ್ದುಪಡಿ ಅದಕ್ಕೆ ರೋಗಿಗಳ ಸನ್ನದನ್ನು ಸೇರಿಸಿತು. ಆರೈಕೆ, ಗೋಪ್ಯತೆ, ಘನತೆ, ಮಾಹಿತಿ ಮತ್ತು ದೂರು ಕೊಡುವ ಹಕ್ಕು ಅದರಲ್ಲಿವೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ಸನ್ನದು, ಪುರುಷ ವೈದ್ಯರು ಮಹಿಳೆಯನ್ನು ಪರೀಕ್ಷಿಸುವಾಗ ಇನ್ನೊಬ್ಬ ಮಹಿಳೆ ಜತೆಗಿರಬೇಕು ಎನ್ನುತ್ತದೆ. ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ರೋಗಿಗಳು ಇದನ್ನು ಸಂಕೋಚವಿಲ್ಲದೆ ಕೇಳಬಹುದು. ನೋವು ತಾಳಿಕೊಳ್ಳಿ ಎನ್ನುವುದು ಚಿಕಿತ್ಸೆಯಲ್ಲ. ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದನ್ನು ಮಾದಕವಸ್ತು ಕಾಯ್ದೆಯ 2014ರ ತಿದ್ದುಪಡಿ ಸುಲಭ ಮಾಡಿದೆ.

ದೂರಿನ ಬೆನ್ನೆಲುಬು ಕೇಸ್ ಶೀಟ್. ಡಿಸ್ಚಾರ್ಜ್ ಸಮರಿಯಲ್ಲಿ ಶುಶ್ರೂಷೆಯ ವಿವರ ಅಷ್ಟಾಗಿ ಇರುವುದಿಲ್ಲ. ಯಾವ ಔಷಧಿ ಎಷ್ಟು ಗಂಟೆಗೆ ಕೊಟ್ಟರು, ಜ್ವರ ಯಾವಾಗ ಏರಿತು, ಡ್ರಿಪ್ ಯಾವಾಗ ಬದಲಾಯಿತು ಎಂಬುದು ಸಿಗುವುದು ನರ್ಸ್‌ಗಳು ಬರೆದ ಟಿಪ್ಪಣಿ ಮತ್ತು ಔಷಧಿ ಚಾರ್ಟ್‌ನಲ್ಲಿ. ಅರ್ಜಿಯಲ್ಲಿ ಇವನ್ನು ಹೆಸರಿಸಿಯೇ ಕೇಳಬೇಕು. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು 3 ವರ್ಷ ಕಾಯ್ದಿಡಬೇಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು. ಅರ್ಜಿಯ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದು ಕ್ಷೇಮ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕು ಅರ್ಜಿಯೂ ಹಾಕಬಹುದು. ಉತ್ತರಕ್ಕೆ 30 ದಿನ, ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆ.

ಖಾಸಗಿ ಆಸ್ಪತ್ರೆಯ ಮೇಲಿನ ದೂರನ್ನು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಕೊಡಬಹುದು. ಪರಿಹಾರ ಬೇಕಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಘಟನೆಯಾದ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಬೇಕು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದ ಕಲಬುರಗಿಯವರು ಕಲಬುರಗಿಯಲ್ಲೇ ದೂರು ಹೂಡಬಹುದು. ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಈ ಕಾಯ್ದೆಗೆ ಬರುವುದಿಲ್ಲ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತ ಕೊಡುವಲ್ಲಿ ಮಾತ್ರ ಉಚಿತ ರೋಗಿಗೂ ಹಕ್ಕಿದೆ ಎಂದು 1995ರ ವಿ.ಪಿ. ಶಾಂತಾ ತೀರ್ಪು ಹೇಳಿದೆ.

ಇನ್ನೊಂದು ದಾರಿ ಜನರಿಗೆ ಅಷ್ಟಾಗಿ ಗೊತ್ತಿಲ್ಲ. ಆಸ್ಪತ್ರೆ ಸೇವೆ ಸಾರ್ವಜನಿಕ ಉಪಯುಕ್ತ ಸೇವೆಗಳ ಪಟ್ಟಿಯಲ್ಲಿರುವುದರಿಂದ 1 ಕೋಟಿ ರೂಪಾಯಿವರೆಗಿನ ವ್ಯಾಜ್ಯವನ್ನು ಕಾಯಂ ಜನತಾ ನ್ಯಾಯಾಲಯಕ್ಕೆ ಒಯ್ಯಬಹುದು. ಕೋರ್ಟ್ ಶುಲ್ಕವಿಲ್ಲ. ರಾಜಿಯಾಗದಿದ್ದರೆ ಅದೇ ತೀರ್ಪನ್ನೂ ಕೊಡುತ್ತದೆ.

ಸರ್ಕಾರಿ ವಾರ್ಡಿನಲ್ಲಿ ಡ್ರೆಸಿಂಗ್‌ಗೆ, ಸ್ಟ್ರೆಚರ್ ತಳ್ಳುವುದಕ್ಕೆ ಕೈಬಿಸಿ ಕೇಳಿದರೆ ಲೋಕಾಯುಕ್ತಕ್ಕೆ ದೂರು ಕೊಡಬೇಕು. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಮಣಿದು ಕೊಟ್ಟವರು 7 ದಿನದೊಳಗೆ ತಿಳಿಸಿದರೆ ಮಾತ್ರ ರಕ್ಷಣೆ.

ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು.