ಮೊದಲು ಕೆಸರು, ಆಮೇಲೆ ಔಷಧಿ: ಜಿಂಕೆ ಫಾರಂನಲ್ಲಿ ನೊಣ ನಿಯಂತ್ರಣ

ಎತ್ತಿನ ಕಾಲಿಗೆ ನೊಣ ಮುತ್ತಿದರೆ ಗೂಟಕ್ಕೆ ಕಟ್ಟಿ ಬೇವಿನೆಣ್ಣೆ ಸವರಬಹುದು. ಜಿಂಕೆಗೆ ಆ ಮಾತಿಲ್ಲ. ಹಿಡಿಯಹೋದರೆ ಬೆದರಿ ಬೇಲಿಗೆ ಹಾಯುತ್ತದೆ. ಅಟ್ಟಿಸಿ ಹಿಡಿದರೆ ಆ ದಣಿವಿಗೇ ಸ್ನಾಯು ಕೆಟ್ಟು ಸಾಯುವುದೂ ಉಂಟು. ಅಮೆರಿಕದ ಟೆಕ್ಸಾಸ್, ಫ್ಲಾರಿಡಾಗಳಲ್ಲಿ ಬಿಳಿಬಾಲದ ಜಿಂಕೆ ಸಾಕುವವರ ಬೇಸಿಗೆಯ ತಲೆನೋವು ಇದು. ಗಂಡು ಜಿಂಕೆಯ ಕೊಂಬು ಆಗ ಇನ್ನೂ ಎಳೆಯದು, ಮೃದು ಚರ್ಮದಡಿ ರಕ್ತ ತುಂಬಿರುತ್ತದೆ. ನೊಣಗಳು ಅಲ್ಲಿಗೂ ಎರಗುತ್ತವೆ. ಮುಟ್ಟಲಾಗದ ಪ್ರಾಣಿಯನ್ನು ಕಾಪಾಡಬೇಕಾದರೆ ಕೆಲಸ ನೆಲದಿಂದಲೇ ಶುರುವಾಗಬೇಕು.

ಮೊದಲು ಕಚ್ಚುವುದು ಯಾವುದೆಂದು ತಿಳಿಯಬೇಕು. ಮುಂಗಾಲಿನ ಮೇಲೆ ತಲೆ ಮೇಲಾಗಿ ಕೂತು, ಬಾಯಿಯಿಂದ ಸೂಜಿಯಂಥ ಕೊಂಡಿ ಮುಂದಕ್ಕೆ ಚಾಚಿದ್ದರೆ ಅದು ಕೊಟ್ಟಿಗೆ ನೊಣ. ಮನೆನೊಣಕ್ಕೆ ಈ ಕೊಂಡಿ ಇಲ್ಲ. ಹಗಲು ಬಿಸಿಲಲ್ಲಿ ಬೆನ್ನಟ್ಟಿ ಬರುವ ದಪ್ಪ ನೊಣ ಕುದುರೆ ನೊಣ. ಮೂರನೆಯದು ಕ್ಯುಲಿಕಾಯ್ಡಿಸ್ ನುಸಿ: 1ರಿಂದ 3 ಮಿಲಿಮೀಟರ್ ಗಾತ್ರ, ಮುಸ್ಸಂಜೆಯಿಂದ ಮುಂಜಾವಿನವರೆಗೆ ಓಡಾಟ. ಕಣ್ಣಿಗೆ ಬೀಳದ ಇದೇ ಎಲ್ಲಕ್ಕಿಂತ ಅಪಾಯಕಾರಿ. 1955ರಲ್ಲಿ ನ್ಯೂಜೆರ್ಸಿಯ ಜಿಂಕೆಗಳಲ್ಲಿ ಮೊದಲು ಗುರುತಿಸಿದ ಇ.ಎಚ್.ಡಿ. ಎಂಬ ರಕ್ತಸ್ರಾವದ ರೋಗವನ್ನು ಹರಡುವುದು ಈ ನುಸಿ. ರೋಗಲಕ್ಷಣ ಕಂಡ ಒಂದೆರಡು ದಿನದಲ್ಲೇ ಜಿಂಕೆ ಸತ್ತುಬಿಡಬಹುದು.

ಎರಡನೆಯ ಕೆಲಸ ಕೆಸರಿನದು. ಸಗಣಿ, ಹಿಕ್ಕೆ ಬೆರೆತ ಹಸಿ ಕೆಸರೇ ನುಸಿಯ ತವರು. ನೀರಿನ ತೊಟ್ಟಿಯ ಅಂಚಿನಿಂದ ಒಂದು ಲೋಟ ಕೆಸರು ತೆಗೆದು, ಬಿಳಿ ತಟ್ಟೆಯಲ್ಲಿ ನೀರಿಗೆ ಕಲಕಿ ನೋಡಬೇಕು. ಬಿಳಿ ನೂಲಿನೆಳೆಯಂಥ ಹುಳು ಹಾವಿನ ಹಾಗೆ ಬಳುಕುತ್ತ ಈಜಿದರೆ ಅದು ನುಸಿಯ ಮರಿಹುಳು ಇರಬಹುದು. ಸೋರುವ ನಲ್ಲಿ ಸರಿಪಡಿಸುವುದು, ತೊಟ್ಟಿಯ ಸುತ್ತ ಜಲ್ಲಿ ಹಾಕುವುದು, ಕೊಳದ ಅಂಚಿಗೆ ಬೇಲಿ ಕಟ್ಟಿ ಜಿಂಕೆಗಳು ತುಳಿಯದಂತೆ ತಡೆಯುವುದು ಇವೆಲ್ಲ ಔಷಧಿಗಿಂತ ಅಗ್ಗ, ಫಲವೂ ಬಹುಕಾಲ ಉಳಿಯುತ್ತದೆ.

ಕೊಟ್ಟಿಗೆ ನೊಣ ಬೆಳೆಯುವುದು ಮೇವು ಹಾಕುವ ಜಾಗದಲ್ಲಿ ಚೆಲ್ಲಿ, ಮೂತ್ರದಲ್ಲಿ ನೆನೆದು ಕೊಳೆತ ಹುಲ್ಲಿನಲ್ಲಿ. ಬೇಸಿಗೆಯಲ್ಲಿ ಮೊಟ್ಟೆ ನೊಣವಾಗಲು ಸುಮಾರು ಮೂರು ವಾರ ಸಾಕು. ಆದ್ದರಿಂದ ವಾರಕ್ಕೊಮ್ಮೆ ಬಳಿದು, ತೆಳುವಾಗಿ ಹರಡಿ ಒಣಗಿಸಬೇಕು. ಕುದುರೆ ನೊಣದ ಮರಿಹುಳುಗಳು ಜೌಗಿನಲ್ಲಿ ಚದುರಿರುವುದರಿಂದ ಅವುಗಳ ಬೇರು ಕೀಳುವುದು ಕಷ್ಟ. ಬಿಸಿಲಿಗೆ ಕಾಯುವ ಕಪ್ಪು ಚೆಂಡು ತೂಗುಹಾಕಿದ ಬಲೆಗೆ ಅವು ತಾವಾಗಿ ಬರುತ್ತವೆ. ನೀಲಿ, ಕಪ್ಪು ಬಟ್ಟೆಯ ‘ನ್ಜಿ’ ಬಲೆಗೆ ಎರಡೂ ಬಗೆಯ ನೊಣ ಬೀಳುತ್ತವೆ.

ನುಸಿಗೆ ಗಾಳಿಯಲ್ಲಿ ಹಾರುವ ಬಲವಿಲ್ಲ. ಮರಿಗಳಿರುವ ಶೆಡ್ಡಿನಲ್ಲಿ ಸಂಜೆಯಿಂದಲೇ ದೊಡ್ಡ ಫ್ಯಾನ್ ಓಡಿಸಿದರೆ ಕಡಿತ ತಗ್ಗುತ್ತದೆ.

ಪರ್ಮೆಥ್ರಿನ್ ಕೀಟನಾಶಕದ ಸಿಂಪಡಣೆ ಇವೆಲ್ಲ ಆದ ಮೇಲೆ, ಪಶುವೈದ್ಯರನ್ನು ಕೇಳಿಯೇ ಆಗಬೇಕು. ಅದು ಮೀನಿಗೆ, ಜೇನಿಗೆ ವಿಷ. ಕೊಳದ ಬಳಿ ಸಲ್ಲದು. ನೆಲಮಟ್ಟದಲ್ಲಿ ಬಿಡುವ ಕೀಟನಾಶಕದ ಹೊಗೆಯೊಂದನ್ನೇ ನಂಬುವಂತೆಯೂ ಇಲ್ಲ. ಫ್ಲಾರಿಡಾದ ಸಂಶೋಧಕರು ಮರದ ಮೇಲ್ಗೊಂಬೆಗಳಲ್ಲಿ ಬಲೆ ಇಟ್ಟಾಗ ಅಲ್ಲೂ ನುಸಿಗಳು ಸಿಕ್ಕವು.

ನಮ್ಮ ಚುಕ್ಕೆ ಜಿಂಕೆ, ಕಡವೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಹೀಗೆ ಸಾಕುವಂತಿಲ್ಲ. ಆದರೆ ಕರ್ನಾಟಕದ ಕುರಿಗಳಿಗೆ ನೀಲಿ ನಾಲಿಗೆ ರೋಗ ತರುವುದೂ ಇದೇ ಕುಲದ ನುಸಿಗಳು. ರೊಪ್ಪದ ಸುತ್ತಲ ಕೆಸರು ಒಣಗಿಸುವ ಕೆಲಸ ಕುರಿಗಾಹಿಗೂ ಅಷ್ಟೇ ಮುಖ್ಯ. ಜೊತೆಗೆ ಲಸಿಕೆಯೂ ಲಭ್ಯವಿದೆ.

ಜಿಂಕೆ ಫಾರಂನಲ್ಲಿ ಇಷ್ಟೆಲ್ಲ ಮಾಡಿದರೂ ಬೇಸಿಗೆಯ ಕೊನೆಯಿಂದ ಮೊದಲ ಹಿಮ ಬೀಳುವವರೆಗೆ ಪ್ರತಿದಿನ ಬೆಳಿಗ್ಗೆ ನೀರಿನ ಕಡೆ ಒಂದು ಸುತ್ತು ಹಾಕಬೇಕು. ಜ್ವರ ಬಂದ ಜಿಂಕೆ ನೀರು ಹುಡುಕಿ ಹೋಗಿ ಅಲ್ಲೇ ಬೀಳುತ್ತದೆ. ಸತ್ತದ್ದು ಕಂಡರೆ ಕೂಡಲೇ ಪಶುವೈದ್ಯರನ್ನು ಕರೆಸಿ, 24 ಗಂಟೆಯೊಳಗೆ ಗುಲ್ಮದ ಚೂರನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು.