ಗಂಗಾವತಿಯ ಮನೆಯಲ್ಲಿ ಹವಳ ಬೆಳೆಸಬಹುದೇ?

ಪ್ರಶ್ನೆ: ಗುರುಗಳೇ, ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ, ವಯಸ್ಸು 27. ಆರು ವರ್ಷದಿಂದ ಮೂರು ಅಡಿಯ ಟ್ಯಾಂಕಿನಲ್ಲಿ ಗಪ್ಪಿ, ಏಂಜೆಲ್ ಸಾಕಿದ್ದೇನೆ. ಈಗ ಉಪ್ಪುನೀರಿನ ಟ್ಯಾಂಕ್ ಮಾಡಿ ಹವಳ ಬೆಳೆಸುವ ಆಸೆ ಹತ್ತಿದೆ. ಮಾರುವವರೊಬ್ಬರು ಮೊಬೈಲಿಗೆ ಫೋಟೊ ಕಳಿಸಿದ್ದಾರೆ. ‘ಇದು ಸಾಫ್ಟ್ ಕೋರಲ್, ಏನೂ ತೊಂದರೆಯಿಲ್ಲ, ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕುತ್ತೇನೆ’ ಎನ್ನುತ್ತಾರೆ. ಎಂಟು ಸಾವಿರ ಮುಂಗಡ ಕೇಳಿದ್ದಾರೆ. ಅಪ್ಪ ಬೇಡವೇ ಬೇಡ ಅಂತಾರೆ. ನಾವಿಬ್ಬರೂ ಮಾತು ಬಿಟ್ಟು ವಾರವಾಯಿತು. ಏನು ಮಾಡಲಿ? ಫೋಟೊ ಜೊತೆಗಿಟ್ಟಿದ್ದೇನೆ.
– ಹೆಸರು ಬೇಡ, ಗಂಗಾವತಿ

ಉತ್ತರ: ತಮ್ಮಾ, ಆ ಎಂಟು ಸಾವಿರ ಕಳಿಸಬೇಡ. ಉಳಿದದ್ದನ್ನು ಸಾವಕಾಶ ಮಾತಾಡೋಣ.

ನೀನು ಕಳಿಸಿದ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ನೀನೂ ನೋಡು. ಪ್ರತಿ ಕೊಂಬೆಯ ತುತ್ತತುದಿಯಲ್ಲಿ ಒಂದೇ ಒಂದು ಪುಟ್ಟ ಬಟ್ಟಲಿದೆ. ಕೊಂಬೆಯ ಮೈಸುತ್ತ ಅದಕ್ಕಿಂತ ಚಿಕ್ಕ ಬಟ್ಟಲುಗಳು ಒತ್ತಾಗಿ ಕೂತಿವೆ. ತುದಿಗೊಂದು ಬಟ್ಟಲು ಇರುವುದು ಅಕ್ರೊಪೊರಾ ಎಂಬ ಹವಳದ ಗುರುತು. ಅದು ಮೆತ್ತನೆಯ ಹವಳವಲ್ಲ, ಅಪ್ಪಟ ಕಲ್ಲುಹವಳ. ಮಾರುವವನು ನಿನಗೆ ಸುಳ್ಳು ಹೇಳಿದ್ದಾನೆ, ಇಲ್ಲವೇ ಅವನಿಗೇ ಗೊತ್ತಿಲ್ಲ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಎಲ್ಲ ಕಲ್ಲುಹವಳಗಳನ್ನೂ ಸೇರಿಸಿದರು. ಹುಲಿ, ಆನೆ ಇರುವ ಪಟ್ಟಿ ಅದು. ಕರಿಹವಳ, ಬೆಂಕಿಹವಳ, ಬೀಸಣಿಗೆಯಂತೆ ಹರಡುವ ಹವಳ, ಕೆಂಪು ಕೊಳವೆಗಳ ಆರ್ಗನ್ ಪೈಪ್ ಹವಳ ಕೂಡ ಅದರಲ್ಲಿವೆ. ತಪ್ಪು ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ದಂಡ 25 ಸಾವಿರಕ್ಕೆ ಕಡಿಮೆಯಿಲ್ಲ. ‘ಲೈವ್ ರಾಕ್’ ಎಂದು ಮಾರುವ ಕಲ್ಲು ಬಹಳ ಸಲ ಹವಳದ ಅಸ್ಥಿಯೇ ಆಗಿರುತ್ತದೆ. ಅದನ್ನೂ ಮುಟ್ಟಬೇಡ.

ಗುರುತು ಹಿಡಿಯುವುದನ್ನು ಇನ್ನಷ್ಟು ಹೇಳುತ್ತೇನೆ. ನಿನ್ನ ಅವ್ವನ ತಾಳಿಯಲ್ಲಿ ಕರಿಮಣಿಯ ನಡುವೆ ಕೆಂಪು ಹವಳದ ಮಣಿ ಇದ್ದರೆ ನೋಡು. ನಿಜವಾದ ಕೆಂಪು ಹವಳ ಸಿಗುವುದು ಮೆಡಿಟರೇನಿಯನ್ ಸಮುದ್ರದಂಥ ಕಡೆ. ಅದನ್ನು ಕಟ್ಟುವ ಜೀವಿಗೆ ಗರಿಯಂಥ ಎಂಟು ಎಳೆಗಳು. ಕಲ್ಲುಹವಳದ ಜೀವಿಗೆ ಎಳೆಗಳು ಸಾಮಾನ್ಯವಾಗಿ ಆರರ ಲೆಕ್ಕದಲ್ಲಿ. ಅದು ಸುಣ್ಣದ ಬಟ್ಟಲು ಕಟ್ಟಿಕೊಂಡು ಒಳಗೆ ಕೂರುತ್ತದೆ. ಬಟ್ಟಲಿನೊಳಗೆ ನಕ್ಷತ್ರದಂತೆ ನಡುವಿನ ಕಡೆ ಮುಖ ಮಾಡಿದ ತೆಳು ಗೋಡೆಗಳು. ಅಕ್ಕಪಕ್ಕದ ಬಟ್ಟಲುಗಳಿಗೆ ಒಂದೇ ಗೋಡೆಯಿದ್ದರೆ ಫೇವೈಟಿಸ್, ಬೇರೆ ಬೇರೆ ಗೋಡೆಯಿದ್ದರೆ ಡಿಪ್ಸಾಸ್ಟ್ರಿಯ. ಸಾಸಿವೆ ಕಾಳಿನಷ್ಟು ಸಣ್ಣ ಬಟ್ಟಲು ಒತ್ತಾಗಿ ತುಂಬಿದ ಗುಂಡು ಬಂಡೆಯಾದರೆ ಪೊರೈಟಿಸ್ ಇರಬಹುದು.

ಮೋಸ ಹೋಗುವುದು ಹೂವಿನಂಥವುಗಳಲ್ಲಿ. ಗೋನಿಯೊಪೊರಾ, ಆಲ್ವಿಯೊಪೊರಾ ಎರಡೂ ಸೇವಂತಿಯ ಗೊಂಚಲಿನಂತೆ ನೀರಿನಲ್ಲಿ ತೂಗುತ್ತವೆ. ಎಳೆ ಎಣಿಸಿದರೆ ಗೋನಿಯೊಪೊರಾಕ್ಕೆ 24, ಆಲ್ವಿಯೊಪೊರಾಕ್ಕೆ 12. ಹೂವು ಮುದುಡಿದ ಮೇಲೆ ಕೆಳಗೆ ಕಲ್ಲು ಕಾಣುತ್ತದೆ. ಎರಡೂ ಕಲ್ಲುಹವಳಗಳೇ.

ಕಾನೂನು ಪಕ್ಕಕ್ಕಿಟ್ಟರೂ ನಮ್ಮ ಸೀಮೆಯ ನೀರು, ಬಿಸಿಲು ಈ ಜೀವಕ್ಕೆ ಒಗ್ಗುವುದಿಲ್ಲ. ಕಲ್ಲುಹವಳಕ್ಕೆ ನೀರು 24ರಿಂದ 27 ಡಿಗ್ರಿ ಇರಬೇಕು. ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದ ಉಪ್ಪು, 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ ಒಂದೇ ಸಮ ನಿಲ್ಲಬೇಕು. ಬೋರಿನ ನೀರು ಆಗುವುದಿಲ್ಲ, ಆರ್‌ಒ ನೀರೇ ಬೇಕು. ಒಂದು ಕೊಡ ಒಳ್ಳೆಯ ನೀರಿಗೆ ಎರಡು ಮೂರು ಕೊಡ ಚರಂಡಿಗೆ ಹೋಗುತ್ತದೆ. ಯಲಬುರ್ಗಾ, ಕುಷ್ಟಗಿಯ ಹಳ್ಳಿಗಳಲ್ಲಿ ಬೇಸಿಗೆ ಬಂದರೆ ಕೊಡ ಹಿಡಿದು ಟ್ಯಾಂಕರ್ ಕಾಯುವವರನ್ನು ನೀನು ನೋಡಿದ್ದೀಯ. ಏಪ್ರಿಲ್‌ನಲ್ಲಿ 40 ಡಿಗ್ರಿ ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಏರುತ್ತದೆ. ನೀರು ತಂಪು ಮಾಡುವ ಚಿಲ್ಲರ್ ಇದ್ದರೂ ಕರೆಂಟ್ ಕೈಕೊಟ್ಟರೆ ನೀರು ಕಾಯುತ್ತದೆ. ಹವಳಕ್ಕೆ ಬಣ್ಣವನ್ನೂ ಬಹುಪಾಲು ಅನ್ನವನ್ನೂ ಕೊಡುವುದು ಅದರ ಮೈಯೊಳಗಿನ ಸೂಕ್ಷ್ಮ ಪಾಚಿ. ಸೆಖೆ ತಡೆಯಲಾರದೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ, ಹಸಿವಿನಿಂದ ಸಾಯುತ್ತದೆ. 1998ರಲ್ಲಿ ಲಕ್ಷದ್ವೀಪದ ಸಮುದ್ರದಲ್ಲೇ ಹೀಗಾಯಿತು. ಮೂರಡಿಯ ಗಾಜಿನಲ್ಲಿ ಆಗಲು ಒಂದು ಮಧ್ಯಾಹ್ನ ಸಾಕು.

ಹಾಗಾದರೆ ನಿನ್ನ ಆಸೆ? ಅದನ್ನು ಬಿಡು ಎನ್ನುವುದಿಲ್ಲ. ಉಪ್ಪುನೀರು ಕಲಿಯಬೇಕಿದ್ದರೆ ಮೀನಿನಿಂದ ಶುರು ಮಾಡು. ಕ್ಲೌನ್ ಮೀನನ್ನು ಹ್ಯಾಚರಿಯಲ್ಲಿ ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದೆ. ಸಮುದ್ರದಿಂದ ಹಿಡಿದದ್ದಲ್ಲ, ಹ್ಯಾಚರಿಯ ಮರಿ ಎಂಬ ಬಿಲ್ಲು ಇದ್ದರೆ ಮಾತ್ರ ಒಂದು ಜೋಡಿ ತಗೋ. ಸೆರಾಮಿಕ್ ಕಲ್ಲು ಇಡು. ಒಂದು ಪೂರ್ತಿ ಬೇಸಿಗೆ ಶಾಖ, ಉಪ್ಪು ಎರಡನ್ನೂ ದಿನಾ ಮಿಲ್ಲಿನ ಲೆಕ್ಕದಂತೆ ಬರೆದಿಡು.

ಹವಳವನ್ನು ಅದರ ಮನೆಗೇ ಹೋಗಿ ನೋಡು. ಮುರುಡೇಶ್ವರದ ಎದುರು ಸಮುದ್ರದಲ್ಲಿ ನೇತ್ರಾಣಿ ದ್ವೀಪವಿದೆ. ಅದರ ಸುತ್ತ ನಮ್ಮ ಕರ್ನಾಟಕದ್ದೇ ಹವಳಗಳಿವೆ. ರೈಲಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಬಸ್ಸು. ಮಳೆಗಾಲ ಮುಗಿದ ಮೇಲೆ ತರಬೇತಿದಾರರ ಜೊತೆ ಸ್ಕೂಬಾ ಡೈವಿಂಗ್‌ಗೆ ಇಳಿಸುತ್ತಾರೆ. ಈಜು ಬಾರದಿದ್ದರೂ ಕೈಹಿಡಿದು ಕರೆದೊಯ್ಯುತ್ತಾರೆ. ಹೋಗುವ ಮೊದಲು ಹವಳತಜ್ಞ ವೆರಾನ್ ಅವರ ‘ಕೋರಲ್ಸ್ ಆಫ್ ದ ವರ್ಲ್ಡ್’ ಪುಸ್ತಕದ ಚಿತ್ರಗಳಲ್ಲಿ ಬಟ್ಟಲು, ಗೋಡೆ ನೋಡಿ ಕಣ್ಣು ಪಳಗಿಸಿಕೋ. ನೀರಿನಡಿ ಯಾವುದನ್ನೂ ಮುಟ್ಟಬೇಡ, ಒಂದು ಚೂರನ್ನೂ ಎತ್ತಿ ತರಬೇಡ.

ಕೊನೆಗೆ ಅಪ್ಪನ ವಿಷಯ. ಅವರಿಗೆ ಅಕ್ರೊಪೊರಾ ಗೊತ್ತಿರಲಿಕ್ಕಿಲ್ಲ, ಆದರೆ ಬಿಲ್ಲಿಲ್ಲದ ವ್ಯಾಪಾರ ಗೊತ್ತು. ಇವತ್ತು ರಾತ್ರಿ ಊಟಕ್ಕೆ ಅವರ ಪಕ್ಕ ಕೂತು, ‘ಅಪ್ಪಾ, ಆ ದುಡ್ಡು ಕಳಿಸಲಿಲ್ಲ’ ಎಂದು ನೀನೇ ಮೊದಲು ಮಾತಾಡು. ಮಳೆಗಾಲ ಕಳೆದ ಮೇಲೆ ಮುರುಡೇಶ್ವರಕ್ಕೆ ಅವರನ್ನೂ ಕರೆದುಕೊಂಡು ಹೋಗು.