ಎರಡನೆಯ ಪರದೆ

ಚಲನಚಿತ್ರದ ದೃಶ್ಯಗಳನ್ನು ಆಯ್ದು, ಬೇಡವಾದುದನ್ನು ಕತ್ತರಿಸಿ, ಉಳಿದುದನ್ನು ಅರ್ಥವತ್ತಾಗಿ ಜೋಡಿಸುವ ಕಲೆಗೆ ಸಂಕಲನವೆಂದು ಹೆಸರು. ಸಂಕಲನಕಾರನಿಗೆ ಕೈ ಎಷ್ಟು ಮುಖ್ಯವೋ ಕಣ್ಣೂ ಅಷ್ಟೇ ಮುಖ್ಯ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕೆಂಬುದನ್ನು ಅವನು ನೋಡಿಯೇ ನಿರ್ಧರಿಸಬೇಕಷ್ಟೆ.

ಮೊದಮೊದಲು ಸಂಕಲನಕಾರರು ಫಿಲ್ಮಿನ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ ಕತ್ತರಿಯಾಡಿಸುತ್ತಿದ್ದರು. 1924ರಲ್ಲಿ ಅಮೆರಿಕದಲ್ಲಿ ಐವಾನ್ ಸೆರುರಿಯರ್ ಎಂಬಾತನು ರೂಪಿಸಿದ ಮೂವಿಯೋಲಾ ಯಂತ್ರವು, ಚಿತ್ರವನ್ನು ಚಲಿಸುತ್ತಿರುವಂತೆಯೇ ನೋಡಿ ಕತ್ತರಿಸುವ ಅನುಕೂಲವನ್ನು ಒದಗಿಸಿತು. ಇಂದು ಆ ಕೆಲಸ ಕಂಪ್ಯೂಟರಿನದು. ಆದರೆ ಅದರ ಒಂದೇ ಪರದೆಯ ಮೇಲೆ ದೃಶ್ಯಗಳ ಪಟ್ಟಿ, ಧ್ವನಿಯ ಏರಿಳಿತದ ಗೆರೆಗಳು, ನೂರೆಂಟು ಗುಂಡಿಗಳು ಕಿಕ್ಕಿರಿದು, ಚಿತ್ರಕ್ಕೆ ಮೂಲೆಯೊಂದೇ ಉಳಿಯುವುದು. ಕರಿಯನ್ನು ಕನ್ನಡಿಯಲ್ಲಿ ನೋಡಿದಂತೆ! ನಟಿಯ ಕಣ್ಣಂಚಿನ ನೀರು ಅಲ್ಲಿ ಕಾಣದೆ ಹೋದರೆ ಆಶ್ಚರ್ಯವೇನು?

ಇದಕ್ಕೆ ಪರಿಹಾರವೇ ಎರಡನೆಯ ಪರದೆ. ಅಂದರೆ ಹೊರಗಿನಿಂದ ಜೋಡಿಸುವ ಮಾನಿಟರ್. ಎಚ್‌ಡಿಎಂಐ ಕೇಬಲ್ಲಿನಿಂದ ಇದನ್ನು ಜೋಡಿಸುವುದು ವಾಡಿಕೆ. ಯುಎಸ್‌ಬಿ-ಸಿ ಕಿಂಡಿಯಿಂದಲೂ ಜೋಡಿಸಬಹುದು. ಆದರೆ ಅಂಥ ಕಿಂಡಿಗಳೆಲ್ಲವೂ ಚಿತ್ರವನ್ನು ಸಾಗಿಸುವುದಿಲ್ಲ. 3840×2160 ಚುಕ್ಕೆಗಳ ಚಿತ್ರವನ್ನು ಎಚ್‌ಡಿಎಂಐ 1.4 ದರ್ಜೆಯ ಜೋಡಣೆಯು ಸೆಕೆಂಡಿಗೆ 30 ಬಾರಿ ಮಾತ್ರ ಒಯ್ಯಬಲ್ಲದು, 2.0 ದರ್ಜೆಯದು 60 ಬಾರಿ ಒಯ್ಯುವುದು. ಜೋಡಿಸಿದ ಮೇಲೆ ಹೊಸ ಪರದೆಯನ್ನು ಮೊದಲಿನದರ ಪ್ರತಿಬಿಂಬವಾಗಿಯಾದರೂ ಬಳಸಬಹುದು, ಅದರ ಮುಂದುವರಿಕೆಯಾಗಿಯಾದರೂ ಬಳಸಬಹುದು. ಸಂಕಲನಕ್ಕೆ ತಕ್ಕುದು ಮುಂದುವರಿಕೆಯೇ. ಆಗ ಉಪಕರಣಗಳೆಲ್ಲ ಒಂದು ಪರದೆಯಲ್ಲಿ ಉಳಿದು, ಇನ್ನೊಂದರ ತುಂಬ ಚಿತ್ರವನ್ನೇ ಹರಡಬಹುದು.

ದೊಡ್ಡ ಪರದೆಯಾದ ಮಾತ್ರಕ್ಕೆ ಅದು ಸತ್ಯವನ್ನೇ ತೋರುವುದೆಂದು ನಂಬಲಾಗದು. ನೋಡುವವರ ಕಣ್ಸೆಳೆಯಲೆಂದು ಕೆಲವು ಪರದೆಗಳು ಬೆಳಕನ್ನೂ ಬಣ್ಣವನ್ನೂ ಅತಿಯಾಗಿ ಮೆರೆಯಿಸುತ್ತವೆ. ಅದನ್ನು ನಂಬಿ ಸಂಕಲನಕಾರನು ಚಿತ್ರದ ಬೆಳಕನ್ನು ತಗ್ಗಿಸಿದನೆನ್ನಿ. ಬೇರೆಡೆ ಅದೇ ಚಿತ್ರವನ್ನು ನೋಡುವಾಗ ಕಪ್ಪು ಮೈಬಣ್ಣದವರ ಮುಖಭಾವವು ಕತ್ತಲಲ್ಲಿ ಮುಳುಗಿಹೋಗುವುದು. ತಪ್ಪು ಪರದೆಯದು, ಅನ್ಯಾಯ ಮಾತ್ರ ಆ ಮುಖಕ್ಕೆ. ಹೈ ಡೆಫಿನಿಷನ್ ಟೆಲಿವಿಷನ್ ಚಿತ್ರಗಳ ಬಣ್ಣಕ್ಕೆ ಬಿಟಿ 709 ಎಂಬ ಅಂತರರಾಷ್ಟ್ರೀಯ ಮಾನದಂಡವುಂಟು. ಪರದೆಯನ್ನು ಅದಕ್ಕೆ ಹೊಂದಿಸಿಕೊಂಡೇ ಕೆಲಸಕ್ಕೆ ತೊಡಗಬೇಕು.

ಗಾತ್ರದ ವಿಷಯದಲ್ಲಿಯೂ ಕಣ್ಣು ಮೋಸಹೋಗುವುದುಂಟು. 'ದಿ ಇಂಗ್ಲಿಷ್ ಪೇಷಂಟ್' (1996) ಚಿತ್ರದ ಸಂಕಲನಕ್ಕಾಗಿ ಆಸ್ಕರ್ ಪ್ರಶಸ್ತಿ ಪಡೆದ ವಾಲ್ಟರ್ ಮರ್ಚ್ ಅವರು ಇದಕ್ಕೊಂದು ಸರಳ ಉಪಾಯವನ್ನು ಕಂಡುಕೊಂಡರು. ಕಾಗದದಲ್ಲಿ ಒಂದು ಗಂಡು, ಒಂದು ಹೆಣ್ಣಿನ ಪುಟ್ಟ ಆಕೃತಿಗಳನ್ನು ಕತ್ತರಿಸಿ ಪರದೆಯ ಎರಡು ಪಕ್ಕಗಳಲ್ಲಿ ನಿಲ್ಲಿಸುವುದೇ ಆ ಉಪಾಯ. ಅವುಗಳ ನಡುವೆ ಕಿರಿದಾದ ಪರದೆಯೂ ಚಿತ್ರಮಂದಿರದ ಪರದೆಯಷ್ಟು ವಿಶಾಲವಾಗಿ ತೋರುವುದು. ನಾಳೆ ಅದರೆದುರು ಕುಳಿತುಕೊಳ್ಳುವ ಪ್ರೇಕ್ಷಕನು ನೆನಪಾಗುವನು.

ಎರಡನೆಯ ಪರದೆಯ ನಿಜವಾದ ಪ್ರಯೋಜನವೂ ಇದೇ. ಒಂದು ಪರದೆಯ ಮುಂದೆ ಸಂಕಲನಕಾರನು ಕೆಲಸಗಾರ. ಇನ್ನೊಂದರ ಮುಂದೆ ಪ್ರೇಕ್ಷಕ. ತಾನು ಬರೆದುದನ್ನು ಓದುಗನ ಕಣ್ಣಿನಿಂದ ಮತ್ತೊಮ್ಮೆ ಓದಿ ತಿದ್ದುವ ವಿದ್ಯಾರ್ಥಿಗೂ ಈ ಮಾತು ಸಲ್ಲುತ್ತದೆ.